ಕಾರವಾರದ ಕೊಲ್ಲಿಯಲ್ಲಿ ಗರಿಯ ಗಾಳ

(ಪರೇಲಿನಲ್ಲಿ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತರಿಗೂ ಮೀನಿನ ಗಾಳಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಹೋದ ವರ್ಷ ದಸರೆಯ ರಜೆಯಲ್ಲಿ ಪರೇಲಿನ ನಾವು ನಾಲ್ವರು ಗೆಳೆಯರು, ಮಕ್ಕಳನ್ನು ಕಟ್ಟಿಕೊಂಡು ಕಾರವಾರಕ್ಕೆ ಹೋಗಿ, ಹಿರಿಯ ಹರಿಕಂತ್ರರೊಬ್ಬರ ದೋಣಿಯಲ್ಲಿ ಒಂದು ದಿನ ಕಳೆದೆವು. ಅದರ ವರದಿ ಇದು.

ಕಾರವಾರ ನಮಗೆ ದೂರದ್ದಲ್ಲ. 1862ರಲ್ಲಿ ಉತ್ತರ ಕನ್ನಡ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರ ತನಕ ಆ ಜಿಲ್ಲೆಗೆ ಮುಂಬಯಿಯೇ ರಾಜಧಾನಿ. ಮೀನುಗಳು ಮಾತ್ರ ಇಂದಿಗೂ ಗಡಿ ದಾಟಿದಾಗ ಹೆಸರು ಬದಲಿಸುತ್ತವೆ: ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಣ, ನಮ್ಮ ಪರೇಲಿನ ಪೇಟೆಯಲ್ಲಿ ಸುರ್ಮಾಯಿ.

ನಮ್ಮಲ್ಲೊಬ್ಬರಿಗೆ ಪರದೇಶದ ನೆಂಟರಿಂದ 'ಫ್ಲೈ ಫಿಶಿಂಗ್' ಕೋಲೊಂದು ಬಂದಿತ್ತು. ಫ್ಲೈ ಎಂದರೆ ನೊಣ. ಹೊಳೆಯ ಟ್ರೌಟ್ ಮೀನಿಗೆ ಹುಳುವಿನ ರೂಪದ ಗಾಳ ಕಟ್ಟುತ್ತಿದ್ದುದರಿಂದ ಈ ಹೆಸರು. ಉಪ್ಪುನೀರಿಗೆ ಬಂದಾಗ ಗರಿ, ಕೂದಲು, ಮಿರುಗುವ ಎಳೆಗಳನ್ನು ಕೊಕ್ಕೆಗೆ ಸುತ್ತಿ ಚಿಕ್ಕ ಮೀನಿನ ಅಥವಾ ಸಿಗಡಿಯ ವೇಷ ಹಾಕಿಸುತ್ತಾರೆ. ಈ ವೇಷಧಾರಿಗೆ ಭಾರವೇ ಇಲ್ಲ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ದಪ್ಪ ದಾರವೇ ತನ್ನ ಭಾರದಿಂದ ಗರಿಯನ್ನು ಒಯ್ಯಬೇಕು. ಆದ್ದರಿಂದ ಕೋಲನ್ನು ಹಿಂದಕ್ಕೆ ಬೀಸಿ, ದಾರ ಹಿಂದೆ ಪೂರ್ತಿ ಬಿಚ್ಚುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವುದೇ ಕಷ್ಟ. ಲೋಕಲ್ ಗಾಡಿಗೆ ಓಡುವ ನಮ್ಮ ಜನಕ್ಕೆ ಅದು ಸುಲಭವಾಗಿ ಒಗ್ಗದು!

ಅಜ್ಜ ಗರಿಯನ್ನು ತಿರುಗಿಸಿ ನೋಡಿ, "ನಮ್ಮಪ್ಪನೂ ಕೋಳಿಗರಿ ಕಟ್ಟುತ್ತಿದ್ದ ಸಾಹೇಬ್ರೆ, ಕೋಲು ಮಾತ್ರ ಇರಲಿಲ್ಲ" ಎಂದರು. ಕಾಳಿ ನದಿ ಸಮುದ್ರ ಸೇರುವ ಬಾಯಿಗೆ ಬೆಳಕು ಹರಿಯುವಾಗ ತಲುಪಿದೆವು. ಅವರು ಕೋಲು ಮುಟ್ಟಗೊಡಲಿಲ್ಲ. "ನೀರು ತಿರುಗಲಿ. ಹೊರಗೆ ಹೋಗುವ ನೀರಿನ ಜೊತೆ ಸಿಗಡಿ, ಸಣ್ಣ ಮೀನು ಬರ್ತವೆ. ದೊಡ್ಡವು ಅಂಚಿನಲ್ಲಿ ಕಾಯ್ತವೆ."

ನೀರು ತಿರುಗುವುದು ಯಾವಾಗೆಂದು ಹೇಗೆ ತಿಳಿಯಬೇಕು? ಅಜ್ಜ ಯೌವನದಲ್ಲಿ ಭಾವುಚಾ ಧಕ್ಕಾದಲ್ಲಿ ದುಡಿದವರು. ಅಲ್ಲಿಯ ಕೋಳಿಗಳಿಂದ ಕಲಿತ ಲೆಕ್ಕ ಹೇಳಿದರು. ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ತಿಥಿಯನ್ನು ಎಣಿಸಿ, ಅದರ ಮುಕ್ಕಾಲು ಪಾಲು ತೆಗೆದರೆ ಮುಂಬಯಿಯಲ್ಲಿ ನೀರು ತುಂಬುವ ಸುಮಾರು ಗಂಟೆ ಸಿಗುತ್ತದೆ. ಅಂದು ಏಕಾದಶಿ (ಮೀನು ಹಿಡಿಯಲು ಒಳ್ಳೆಯ ದಿನವನ್ನೇ ಆರಿಸಿದ್ದೆವು!). ಹನ್ನೊಂದರ ಮುಕ್ಕಾಲು, ಎಂಟೂಕಾಲು. ಕಾರವಾರದಲ್ಲಿ ಅದಕ್ಕಿಂತ ತಾಸು ಮುಂಚೆಯೇ ನೀರು ತುಂಬುತ್ತದೆ. ಬಡ್ಡಿಯ ಲೆಕ್ಕದಲ್ಲಿ ನುರಿತ ನಮಗೆ ಇಷ್ಟು ಚೊಕ್ಕ ಸೂತ್ರ ಬೇರೆ ಕಂಡಿಲ್ಲ.

ನೀರು ತಿರುಗಿದ ಮೇಲೆ ಸಿಕ್ಕಿದ್ದು ಮೂರು ಬಂಗುಡೆ. ಬೆರಳುದ್ದದ ಒಂದನ್ನು ಮಕ್ಕಳು ನೀರಿಗೆ ಬಿಟ್ಟರು. ಅಜ್ಜ ತಲೆದೂಗಿದರು: "ಬಲೆಗೆ ಈ ದಯೆ ಇಲ್ಲ." ಆಮೇಲೆ ರಂಪಣಿಯ ಮಾತು ಬಂತು. ದಡದಿಂದ ಹತ್ತಾರು ಜನ ಕೂಡಿ ಎಳೆಯುತ್ತಿದ್ದ ಆ ದೊಡ್ಡ ಬಲೆ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಸೊರಗಿತು. ಬಂಗುಡೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುವರಿಯಲ್ಪಟ್ಟಿತು.

ಅಜ್ಜನ ಒಬ್ಬ ಮಗ ಗೋವೆಯ ಹೋಟೆಲಿನಲ್ಲಿ, ಇನ್ನೊಬ್ಬ ನಮ್ಮ ಮುಂಬಯಿಯಲ್ಲೇ ಡ್ರೈವರ್. "ನೀವು ಕೂಲಿ ಕೊಟ್ಟು ಕೇಳ್ತೀರಿ. ನನ್ನ ಮಕ್ಕಳು ಪುಕ್ಕಟೆ ಹೇಳಿದರೂ ಕೇಳೋದಿಲ್ಲ." ನಾವು ನಾಲ್ವರೂ ಸುಮ್ಮನೆ ನೀರು ನೋಡಿದೆವು. ಗದ್ದೆ, ತೋಟ, ಮಗ್ಗ ಬಿಟ್ಟು ಬಂದವರು ನಾವು. ಊರಿನಲ್ಲಿ ನಮ್ಮ ತಂದೆಯವರೂ ಯಾರೊಡನೆಯೋ ಇದನ್ನೇ ಆಡುತ್ತಿರಬಹುದು. ದಿನದ ಕೂಲಿಗಿಂತ ಹೆಚ್ಚು ಕೊಡಹೋದರೆ ಅಜ್ಜ ಮುಟ್ಟಲಿಲ್ಲ.

ಹೋಗಬೇಕೆನ್ನುವವರು ಅಕ್ಟೋಬರದ ನಂತರ ಹೋಗಿರಿ; ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧದ ಕಾಲ. ನೌಕಾನೆಲೆಯ ಕಡೆ ಕೋಲು ಹಿಡಿದು ಹೋಗಬಾರದು. ಮರಳಿದ ಮೇಲೆ ರೀಲನ್ನು ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ತಿಂದುಬಿಡುತ್ತದೆ.

ಮಕ್ಕಳು ಈಗ ಪಂಚಾಂಗ ಹಿಡಿದು ಶಿವಡಿಗೆ ಹೋಗಿ ನೀರಿನ ಲೆಕ್ಕ ತಾಳೆ ನೋಡುತ್ತಾರೆ. ಅಜ್ಜ ಹೇಳಿದ್ದನ್ನೆಲ್ಲ ಬರೆದ ಎರಡು ಹಾಳೆಗಳನ್ನು ಸಂಘದ ವಾಚನಾಲಯದಲ್ಲಿ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು.