ತಟ್ಟೆಯೊಳಗಿನ ಆಲ



ಹಲಸಿನ ತೋಪಿನಿಂದಲೇ ನಮ್ಮ ಹಲಸೂರಿಗೆ ಆ ಹೆಸರು ಬಂತು ಎನ್ನುತ್ತಾರೆ. ತೋಪು ಹೋಗಿ ಎಷ್ಟೋ ಕಾಲವಾಯಿತು. ಈಗ ಇಲ್ಲಿನ ಜೋಗುಪಾಳ್ಯದ ಗಲ್ಲಿಗಳಲ್ಲಿ ಸ್ಕೂಟರ್ ನಿಲ್ಲಿಸಲೇ ಜಾಗವಿಲ್ಲ, ಇನ್ನು ಮರಕ್ಕೆಲ್ಲಿ? ಆದರೂ ಮರಗಳು ನಮ್ಮನ್ನು ಬಿಟ್ಟಿಲ್ಲ. ಹಕ್ಕಿ ಹಾಕಿದ ಬೀಜ ಮೊಳೆತು, ಹಳೇ ಮನೆಗಳ ಗೋಡೆ ಬಿರುಕಿನಲ್ಲಿ ಅರಳಿಯೋ ಬಸರಿಯೋ ಇಣುಕುತ್ತದೆ. ಕಿತ್ತು ಎಸೆಯುತ್ತೇವೆ. ಮುಂದೆ ಕಿತ್ತರೆ ಎಸೆಯಬೇಡಿ; ಬೇರು ಉಳಿದಿದ್ದರೆ ಕುಂಡಕ್ಕೆ ಹಾಕಿ. ಮರವನ್ನು ಕುಂಡದಲ್ಲೇ ಪುಟ್ಟದಾಗಿ ಬೆಳೆಸುವ ಬೋನ್ಸಾಯ್‌ಗೆ ಅದಕ್ಕಿಂತ ಅಗ್ಗದ ಆರಂಭವಿಲ್ಲ.

ಬೋನ್ಸಾಯ್‌ಗೆಂದು ಬೇರೆ ಬೀಜವಿಲ್ಲ. ಕೇತೋಹಳ್ಳಿಯಲ್ಲಿ ಸುಮಾರು 3 ಎಕರೆ ಹಬ್ಬಿರುವ ದೊಡ್ಡ ಆಲದ ಮರದ ಜಾತಿಯೇ ಅಂಗೈ ಅಗಲದ ತಟ್ಟೆಯಲ್ಲೂ ಬಾಳುತ್ತದೆ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಪಳಗಿದ ಈ ವಿದ್ಯೆಗೆ ಬೇಕಾದದ್ದು ದಿನಕ್ಕೊಮ್ಮೆ ಗಿಡದ ಹತ್ತಿರ ನಿಂತು ನೋಡುವ ಕಣ್ಣು.

ಆ ಕಣ್ಣು ನನಗೆ ತಡವಾಗಿ ಬಂತು. ನನ್ನ ಮೊದಲ ಗಿಡ ಜೂನಿಪರ್. ಟಿ.ವಿ. ಪಕ್ಕ ಇಟ್ಟು, ದಿನಾ ಬೆಳಿಗ್ಗೆ ತಪ್ಪದೆ ಒಂದು ಲೋಟ ನೀರು ಹಾಕಿದೆ. ವಾರಗಟ್ಟಲೆ ಹಸಿರಾಗೇ ಇತ್ತು. ಅದು ಸತ್ತ ಮೇಲೂ ಕೆಲಕಾಲ ಹಸಿರಾಗಿರುವ ಜಾತಿ ಎಂಬುದು ಆಮೇಲೆ ತಿಳಿಯಿತು. ಹೆಣಕ್ಕೆ ನೀರೆರೆಯುತ್ತಿದ್ದೆ!

ಆದ್ದರಿಂದ ಹೇಳುತ್ತೇನೆ: ಇದು ಷೋಕೇಸಿನ ಗೊಂಬೆಯಲ್ಲ, ಮರ. ತಾರಸಿಯ ಬಿಸಿಲಿನಲ್ಲಿಡಿ. ನೀರಿಗೆ ಗಡಿಯಾರ ನೋಡಬೇಡಿ, ಮಣ್ಣಿಗೆ ಬೆರಳಿಳಿಸಿ. ಮೇಲ್ಪದರ ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಸಲ ಬೇಕಾದೀತು, ಮಳೆಗಾಲದಲ್ಲಿ ಒಂದೂ ಬೇಡವಾದೀತು. ಬರೀ ಕೆಮ್ಮಣ್ಣು ತುಂಬಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಇಟ್ಟಿಗೆ ಚೂರು, ದಪ್ಪ ಮರಳು, ಗೊಬ್ಬರ ಬೆರೆಸಿ. ಬೋರ್‌ವೆಲ್ ನೀರು ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತಿದ್ದರೆ ಮಳೆನೀರು ಹಿಡಿದಿಡಿ. ಆಲ, ಬಸರಿಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ, ಮಳೆ ಶುರುವಾಗುವಾಗ, ಬೇರು ಸವರಿ ಮಣ್ಣು ಬದಲಿಸಿ. ಕೊಂಬೆಗೆ ಸುತ್ತಿದ ತಂತಿಯನ್ನು ಅದು ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿ.

ಮರವನ್ನು ಹೀಗೆ ಹಿಂಸಿಸಬೇಕೇ ಎಂದು ಕೇಳುವವರಿದ್ದಾರೆ. ಹಸಿವಿನಲ್ಲಿಟ್ಟ ಮರ ಉಳಿಯುವುದಿಲ್ಲ. ಹಿರೋಷಿಮಾದ ಒಂದು ಬೋನ್ಸಾಯ್ ಪೈನ್ 1625ರಿಂದ ಕುಂಡದಲ್ಲಿದೆ. 1945ರ ಅಣುಬಾಂಬ್ ದಾಟಿ, 1976ರಲ್ಲಿ ಅಮೆರಿಕಕ್ಕೆ ಕಾಣಿಕೆಯಾಗಿ ಹೋಗಿ, ಇಂದಿಗೂ ಚಿಗುರುತ್ತಿದೆ. ತಲೆಮಾರುಗಳ ಆರೈಕೆಯಿಲ್ಲದೆ ಅದು ಸಾಧ್ಯವೇ?

ಒಂದು ಮಾತು ಮಾತ್ರ ಮರೆಯಬಾರದು. ಬೋನ್ಸಾಯ್‌ನಲ್ಲಿ ಎಲೆ ಕಿರಿದಾಗುತ್ತದೆ, ಹಣ್ಣು ಕಿರಿದಾಗುವುದಿಲ್ಲ. ಹಲಸಿನ ಹಣ್ಣನ್ನು ಯಾವ ತಟ್ಟೆಯೂ ಹೊರಲಾರದು, ಅದಕ್ಕೆ ನೆಲವೇ ಬೇಕು. ನಿಮ್ಮ ಮನೆ ಮುಂದೆ ನಾಲ್ಕಡಿ ಮಣ್ಣು ಉಳಿದಿದ್ದರೆ ದಯವಿಟ್ಟು ಸಿಮೆಂಟ್ ಹಾಕಿಸಬೇಡಿ.

ಈ ಬೋನ್ಸಾಯ್ ಪ್ರದರ್ಶನದ ಟೇಪು ಕತ್ತರಿಸಲು ಕೊಂಬೆ ಸವರುವ ಕತ್ತರಿಯನ್ನೇ ಕೊಟ್ಟಿದ್ದಾರೆ. ಇಗೋ, ಪ್ರದರ್ಶನ ಉದ್ಘಾಟನೆಯಾಯಿತು. ಮಕ್ಕಳೇ, ಎಲೆ ಕೀಳಬೇಡಿ. ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ಬಂದು ಹೇಳಿ.