ಇಂಜಿನಿಯರ್ ಆಗುವವರ ಮಾತು



ಇಂಜಿನಿಯರಿಂಗ್ ಓದುವವರಿಗೆ ಸಂವಹನ ಕೌಶಲ ಬೇಕು ಎಂದೊಡನೆ ಹಲವರು ಅದನ್ನು ‘ಇಂಗ್ಲಿಷ್ ಮಾತನಾಡಲು ಬರಬೇಕು’ ಎಂದು ತಿಳಿದುಬಿಡುತ್ತಾರೆ. ಬಾದಾಮಿ, ಹುನಗುಂದದ ಕಡೆಯ ಕನ್ನಡ ಶಾಲೆಗಳಲ್ಲಿ ಓದಿ ಬಾಗಲಕೋಟೆಗೆ ಇಂಜಿನಿಯರಿಂಗ್ ಕಲಿಯಲು ಬರುವ ಮಕ್ಕಳು ಹಿಂದಿನ ಬೆಂಚಿಗೆ ಸರಿಯುವುದು ಬಹುಮಟ್ಟಿಗೆ ಈ ಅಂಜಿಕೆಯಿಂದಲೇ. ಇಂಗ್ಲಿಷ್ ಬೇಕು, ನಿಜ. ಅದು ಅಭ್ಯಾಸದಿಂದ ಬರುತ್ತದೆ. ಅದಕ್ಕಿಂತ ಮೊದಲು ಬೇಕಾದದ್ದು, ನಿಮಗೆ ತಿಳಿದ ವಿಷಯವನ್ನು ಅದನ್ನು ತಿಳಿಯದವರಿಗೆ, ಅವರಿಗೆ ಬೇಕಾದ ರೂಪದಲ್ಲಿ ತಲುಪಿಸುವ ಶಕ್ತಿ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಸೆಕ್ಟರುಗಳಾಗಿ ವಿಂಗಡಿಸಿ ಕಟ್ಟಿದ ನವನಗರವನ್ನೇ ನೋಡಿ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಮೇಲೇರಿ ಹಳೆಯ ಬಾಗಲಕೋಟೆಯನ್ನು ಮುಟ್ಟಿತು. ಮನೆ ಕಳೆದುಕೊಳ್ಳುವವರಿಗಾಗಿ ಈ ಊರು ಹುಟ್ಟಿತು. ಇಡೀ ಪ್ರಸಂಗದ ನಡುವೆ ನಿಂತಿರುವುದು ಒಂದು ಅಂಕಿ. 2000ದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ಜಲಾಶಯದ ನೀರಿನ ಮಟ್ಟ 519.60 ಮೀಟರ್ ಎಂದಾಯಿತು. 2010ರಲ್ಲಿ ಕೃಷ್ಣಾ ಎರಡನೆಯ ನ್ಯಾಯಾಧಿಕರಣ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು.

ಸಿವಿಲ್ ವಿದ್ಯಾರ್ಥಿಗೆ ಇದು ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ನೀರಿನ ಮೇಲ್ಮೈಯ ಎತ್ತರ ಎಂದು ಕೂಡಲೇ ತಿಳಿಯುತ್ತದೆ. ಆದರೆ ನದಿಯ ದಂಡೆಯ ಮನೆಯೊಡತಿ ಕೇಳುವ ಪ್ರಶ್ನೆಯೇ ಬೇರೆ: “ನಮ್ಮ ಹೊಸ್ತಿಲಕ್ಕ ನೀರು ಬರತೈತೇನ್ರೀ?” ಅವಳಿಗೆ ಐನೂರ ಹತ್ತೊಂಬತ್ತು ಎಂದರೆ ಏನೂ ಹೇಳಿದಂತಾಗಲಿಲ್ಲ. ಅವಳ ಹೊಸ್ತಿಲಿನ ಮಟ್ಟವನ್ನು ಅಳೆದು, ನೀರು ಅದಕ್ಕಿಂತ ಎಷ್ಟು ಮೊಳ ಮೇಲೋ ಕೆಳಗೋ ಎಂದು ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದರೆ ಅವಳಿಗೆ ತಿಳಿಯುತ್ತದೆ. ಎರಡು ಮಟ್ಟಗಳ ನಡುವಿನ ವ್ಯತ್ಯಾಸ 4.656 ಮೀಟರ್, ಎಂದರೆ ಸುಮಾರು ಒಂದೂವರೆ ಮಹಡಿ. ಇಷ್ಟಕ್ಕೇ ಮುಗಿಯಲಿಲ್ಲ. “ಹಾಗಾದರೆ ಗೆರೆಗಿಂತ ಮ್ಯಾಲಿದ್ದ ಮನೀನೂ ಯಾಕ ತಗೋತೀರಿ?” ಎಂದು ಅವಳು ಕೇಳುತ್ತಾಳೆ. ಪ್ರವಾಹದ ಕಾಲದಲ್ಲಿ ಹಿನ್ನೀರು ತಟ್ಟೆಯ ನೀರಿನಂತೆ ಸಮತಟ್ಟಾಗಿ ನಿಲ್ಲುವುದಿಲ್ಲ, ಮೇಲಿನಿಂದ ನದಿ ನುಗ್ಗುವ ಕಡೆ ಅದರ ಮೇಲ್ಮೈ ಏರುತ್ತದೆ ಎಂಬುದನ್ನು ಸೂತ್ರವಿಲ್ಲದೆ ವಿವರಿಸಬಲ್ಲಿರಾ? ಸೂತ್ರ ಬರೆಯುವುದಕ್ಕಿಂತ ಇದು ಕಷ್ಟ. ತಲೆಮಾರುಗಳ ಮನೆ ಬಿಡುವವರಿಗೆ ಪರಿಹಾರದಷ್ಟೇ ಈ ವಿವರಣೆಯೂ ಸಲ್ಲಬೇಕಾದದ್ದು ಎಂದು ನನ್ನ ಅಭಿಪ್ರಾಯ.

ಬಲ್ಲವರ ನಡುವೆಯೂ ಮಾತು ತಪ್ಪುವುದುಂಟು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಮಂಗಳನ ಬಳಿ ನಾಶವಾಯಿತು. ಒಂದು ತಂಡದ ತಂತ್ರಾಂಶ ಅಂಕಿಗಳನ್ನು ಪೌಂಡ್ ಮಾನದಲ್ಲಿ ಕೊಟ್ಟಿತ್ತು. ಇನ್ನೊಂದು ತಂಡ ಅವನ್ನು ನ್ಯೂಟನ್ ಎಂದು ಓದಿಕೊಂಡಿತ್ತು. ಲ್ಯಾಬ್ ದಾಖಲೆಯಲ್ಲಿ ಮಾನ ಬರೆಯದೆ ಅಂಕಿ ಮಾತ್ರ ಬರೆಯುವವರು ಇದನ್ನು ನೆನೆಯಬಹುದು.

ಇನ್ನು ಕೇಳುವುದೂ ಸಂವಹನವೇ. ಒಂದು ರಜಾದಿನ ಇಳಕಲ್ಲಿನ ಮಗ್ಗದ ಮುಂದೆ ಕೂಡಿರಿ. ಸೀರೆಯ ಒಡಲಿನ ಹಾಸಿನೆಳೆಗಳನ್ನು ಸೆರಗಿನ ಹಾಸಿನೆಳೆಗಳಿಗೆ ಕುಣಿಕೆ ಹಾಕಿ ಜೋಡಿಸುವ ಕೊಂಡಿಯ ಕೆಲಸವನ್ನು ನೇಕಾರರಿಂದ ಕೇಳಿ ತಿಳಿಯಿರಿ. ನಡುವೆ ಬಾಯಿ ಹಾಕಬೇಡಿ. ಬಳಿಕ ನೀವು ತಿಳಿದದ್ದನ್ನು ಅವರಿಗೇ ತಿರುಗಿ ಹೇಳಿ. “ಹಂಗಲ್ಲ ತಮ್ಮಾ” ಎಂದು ಅವರು ತಿದ್ದುವ ಜಾಗವೇ ನಿಮಗೆ ತಿಳಿಯದೆ ಉಳಿದ ಜಾಗ.

ಅಭ್ಯಾಸಕ್ಕೆ ಖರ್ಚಿಲ್ಲ. ಈ ವಾರ ಮಾಡಿದ ಒಂದು ಪ್ರಯೋಗವನ್ನು ಮನೆಯಲ್ಲಿ ಕನ್ನಡದಲ್ಲಿ ಐದು ನಿಮಿಷ ವಿವರಿಸಿ. ಫಲಿತಾಂಶ ಮೊದಲು, ವಿಧಾನ ಆಮೇಲೆ. ತಾಯಿಯೋ ತಮ್ಮನೋ ಕೇಳಿದ ಪ್ರಶ್ನೆಗಳನ್ನು ಬರೆದಿಡಿ. ಮರುದಿನ ಅದೇ ವಿಷಯವನ್ನು ಸಣ್ಣ ಸಣ್ಣ ವಾಕ್ಯಗಳ ಇಂಗ್ಲಿಷಿನಲ್ಲಿ ಗೆಳೆಯರ ಮುಂದೆ ಹೇಳಿ, ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡು ಕೇಳಿಸಿಕೊಳ್ಳಿ. ತಡವರಿಸಿದ ಕಡೆಗಳನ್ನು ಗುರುತು ಹಾಕಿ ನೋಡಿ: ಅಲ್ಲಿ ಕೊರತೆಯಾದದ್ದು ಇಂಗ್ಲಿಷ್ ಪದವೋ, ಪ್ರಯೋಗದ ತಿಳಿವಳಿಕೆಯೋ?