ನೀರು ಉಳಿಸಿದವನಿಗೆ ಏನು ಉಳಿಯಿತು?



ಗದ್ದೆಯ ವಿಚಾರ ನಮಗೇಕೆ ಎಂದು ಕೆಲವರಿಗೆ ಅನಿಸಬಹುದು. ಪಗಾರದಲ್ಲಿ ಅಕ್ಕಿಗೆ ಹೋಗುವ ಪಾಲನ್ನು ನಮಗಿಂತ ಬಲ್ಲವರು ಯಾರು? ಅಕ್ಕಿಯನ್ನು ತೂಗಿ ಮಾರುವವರೂ ನಮ್ಮಲ್ಲೇ ಇದ್ದಾರೆ. ಒಂದು ಕಿಲೋ ಭತ್ತಕ್ಕೆ ಮಳೆಯದೂ ಕಾಲುವೆಯದೂ ಸೇರಿ ಸರಾಸರಿ ಸುಮಾರು 2,500 ಲೀಟರ್ ನೀರು ಬೇಕಾಗುತ್ತದೆ.

ಸದಾ ನೀರು ನಿಂತ ಗದ್ದೆಯಲ್ಲಿ ಮಣ್ಣಿಗೆ ಗಾಳಿ ಸಿಗದು. ಆಗ ಕೊಳೆತ ಹುಲ್ಲನ್ನು ತಿನ್ನುವ ಜೀವಾಣುಗಳು ಮೀಥೇನ್ ಅನಿಲ ಹುಟ್ಟಿಸುತ್ತವೆ. ಅದು ಪೈರಿನ ಕಾಂಡದೊಳಗಿಂದಲೇ ಮೇಲೇರಿ ಭೂಮಿಯನ್ನು ಬಿಸಿ ಮಾಡುತ್ತದೆ.

ಇದಕ್ಕೆ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪ್ರಚಾರಕ್ಕೆ ತಂದ ಸಾಧನ ಒಂದು ತೂತಿನ ಕೊಳವೆ. ಬಿದಿರಿನದಾದರೂ ಸರಿ. ಒಂದಡಿ ಉದ್ದದ ಅದನ್ನು ಗದ್ದೆಯಲ್ಲಿ ಹೂತು, ಒಳಗಿನ ಮಣ್ಣು ತೆಗೆದು, ಬಗ್ಗಿ ನೋಡಬೇಕು, ಅಷ್ಟೆ! ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ ಹಾಯಿಸುವುದು. ನಾಟಿಯಾದ ಮೊದಲ ಒಂದೆರಡು ವಾರ ಮತ್ತು ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಲ್ಲಿಸಲೇಬೇಕು. ಹೀಗೆ ಮಾಡಿದರೆ ಇಳುವರಿ ತಗ್ಗದೆ 30 ಪಾಲಿನವರೆಗೂ ನೀರು ಉಳಿಯುತ್ತದೆ, ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಳೆ ಹೆಚ್ಚುವುದುಂಟು; ಅದನ್ನು ಕೀಳುವ ಬೆನ್ನು ಹೆಚ್ಚಾಗಿ ಹೆಂಗಸರದು ಎಂಬುದನ್ನು ಪ್ರಚಾರಪತ್ರಗಳು ಅಷ್ಟಾಗಿ ಹೇಳುವುದಿಲ್ಲ.

ಇಷ್ಟು ಅಗ್ಗದ ಉಪಾಯ ಎಲ್ಲೆಡೆ ಹಬ್ಬಬೇಕಿತ್ತಲ್ಲವೇ? ಬಾಂಗ್ಲಾದೇಶವನ್ನು ನೋಡಿರಿ. ಅಲ್ಲಿ ಬೇಸಿಗೆಯ ಬೋರೋ ಭತ್ತಕ್ಕೆ ನೀರು ಬರುವುದು ಬಹುಮಟ್ಟಿಗೆ ಪಂಪಿನಿಂದ. ಅನೇಕ ಹಳ್ಳಿಗಳಲ್ಲಿ ಪಂಪಿನ ಯಜಮಾನ ಇಡೀ ಹಂಗಾಮಿಗೆ ಇಷ್ಟು ನೆಲಕ್ಕೆ ಇಷ್ಟು ಎಂದು ಹಣ ಕಟ್ಟಿಸಿಕೊಳ್ಳುತ್ತಾನೆ. ರೈತ ಕೊಳವೆ ನೆಟ್ಟು, ದಿನವೂ ಬಗ್ಗಿ ನೋಡಿ ನೀರು ಉಳಿಸಿದರೆ ಯಜಮಾನನ ಡೀಸೆಲ್ ಉಳಿಯಿತು, ಕರೆಂಟು ಉಳಿಯಿತು. ರೈತನ ಬಾಕಿ ಮಾತ್ರ ಕಾಸೂ ಇಳಿಯಲಿಲ್ಲ! ರೈತರು ಮೂಢರು, ಹೊಸತನ್ನು ಒಪ್ಪರು ಎಂದು ದೂರುವ ಪಂಡಿತರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಲಿ. ಗಿರಣಿಯಲ್ಲಿ ನಾವು ನೂಲಿನ ತ್ಯಾಜ್ಯ ಕಡಿಮೆ ಮಾಡಿದರೆ ಲಾಭ ಯಾರ ಖಾತೆಗೆ ಜಮೆಯಾಗುತ್ತದೆಂದು ನಮಗೆ ಬೇರೆ ಹೇಳಬೇಕೆ? ಗಂಟೆಯ ಲೆಕ್ಕದಲ್ಲಿ ನೀರು ಕೊಳ್ಳುವವನಿಗೂ ಸ್ವಂತ ಪಂಪಿಗೆ ಡೀಸೆಲ್ ಹಾಕುವವನಿಗೂ ಅದೇ ಕೊಳವೆ ನೇರವಾಗಿ ಹಣ ಉಳಿಸುತ್ತದೆ.

ಫಿಲಿಪ್ಪೀನ್ಸಿನ ಬೊಹೊಲ್ ದ್ವೀಪದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಕಾಲುವೆಯ ತಲೆಯಲ್ಲಿದ್ದವರ ಗದ್ದೆ ತುಂಬಿರುತ್ತಿತ್ತು, ಬಾಲದಲ್ಲಿದ್ದವರದು ಬಿರಿದಿರುತ್ತಿತ್ತು, ಜಗಳ ತಪ್ಪಿದ್ದಲ್ಲ. ನೀರಾವರಿ ಇಲಾಖೆಯು ಹೊಸ ಅಣೆಕಟ್ಟಿನ ಜೊತೆಗೆ ಈ ಒಣಗಿಸಿ ಹಾಯಿಸುವ ಕ್ರಮವನ್ನೇ ಸರದಿಯಾಗಿ ಗೊತ್ತುಮಾಡಿತು. ಮೇಲಿನವರ ಗದ್ದೆ ಸರದಿಯಂತೆ ಆರುತ್ತಿದ್ದ ದಿನಗಳಲ್ಲಿ ನೀರು ಬಾಲದವರೆಗೆ ಹರಿಯಿತು.